ಹುಳಿಗೆ ಬೆಲೆಯಿರುವ ನಾಡಿನಲ್ಲಿ ಒಂದು ಹುಳಿ ಬಿಯರ್

ಕೊಡಗಿನಲ್ಲಿ ಹುಳಿಗೆ ಬೆಲೆಯಿದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಡಗು ಅರೇಬಿಕಾವನ್ನು ರುಚಿ ನೋಡುವವರು ಚಮಚದಲ್ಲಿ ತೆಗೆದು ಸುರ್ರೆಂದು ಹೀರಿ, ಬಾಯಲ್ಲಿ ಆಡಿಸಿ ಉಗುಳುವಾಗ ಅಳೆಯುವ ಗುಣಗಳಲ್ಲಿ ಮುಖ್ಯವಾದದ್ದು ಅದರ ಹುಳಿ. ತೋಟದವರು ಅದಕ್ಕೆ 'ಅಸಿಡಿಟಿ' ಎನ್ನುತ್ತಾರೆ. ಅದು ಚುರುಕಾಗಿದ್ದರೆ ಕಾಫಿಗೆ ಜೀವ, ಮಂಕಾಗಿದ್ದರೆ ಎಷ್ಟು ಪರಿಮಳವಿದ್ದರೂ ಸಪ್ಪೆ. ಅಡುಗೆಮನೆಗೆ ಬಂದರೆ ಇನ್ನೂ ಖಡಾಖಂಡಿತ. ಕಾಚಂಪುಳಿ ಬೀಳದ ಪಂದಿ ಕರಿಯನ್ನು ಯಾರೂ ಪಂದಿ ಕರಿ ಎಂದು ಒಪ್ಪುವುದಿಲ್ಲ. ಮಡಿಕೇರಿಯ ಅಂಗಡಿಗಳಲ್ಲಿ ಕಪ್ಪು ದ್ರವ ತುಂಬಿದ ಆ ಚಿಕ್ಕ ಬಾಟಲಿಗಳನ್ನು ಪ್ರವಾಸಿಗರು ಜೇನಿನ ಪಕ್ಕದಲ್ಲೇ ಇಟ್ಟುಕೊಂಡು ಮನೆಗೆ ಒಯ್ಯುತ್ತಾರೆ.

ಇಂಥ ಜಿಲ್ಲೆಯಲ್ಲಿ ಹುಳಿ ಬಿಯರ್‌ಗೆ ಸಿಕ್ಕ ಸ್ವಾಗತ ನೋಡಿ. ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿರುವ ನಂಟರೊಬ್ಬರು ರಜೆಗೆ ಬಂದಾಗ ಒಂದು ಬಾಟಲಿ ಕ್ರೀಕ್ ತಂದಿದ್ದರು. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಬಿಯರ್‌ಗೆ ಹುಳಿ ಚೆರ್ರಿ ಹಣ್ಣು ಹಾಕಿ ಮತ್ತೆ ಹುದುಗಿಸಿದ ಪಾನೀಯ ಅದು. ಮಾವ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಇದೆಂಥದು ಮಾರಾಯ, ನಿನ್ನೆಯ ಕಳ್ಳಿನ ಹಾಗುಂಟು! ದುಡ್ಡು ಕೊಟ್ಟು ತಂದದ್ದಾ ಇದನ್ನ?" ಎಂದರು. ಲೋಟ ಮಾತ್ರ ಕೆಳಗಿಡಲಿಲ್ಲ. ಬೈಯುವುದಕ್ಕೆಂದು ಮತ್ತೊಂದು ಗುಟುಕು, ಬೈದದ್ದು ಸರಿಯೇ ಎಂದು ನೋಡಲು ಇನ್ನೊಂದು. ಹುಳಿ ಬಿಯರ್ ಮೊದಲ ಸಲ ಕುಡಿಯುವವರೆಲ್ಲ ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ. ಮಾವ ಕೊಟ್ಟ ಹೋಲಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಳ್ಳಿಗೂ ಕ್ರೀಕ್‌ಗೂ ಇರುವ ನೆಂಟಸ್ತಿಕೆ ಅವರು ಅಂದುಕೊಂಡದ್ದಕ್ಕಿಂತ ಹತ್ತಿರದ್ದು.

ಬಿಯರ್ ಎಂದರೆ ತಣ್ಣಗೆ, ತಿಳಿಯಾಗಿ, ಸ್ವಲ್ಪ ಕಹಿಯಾಗಿ ಇರಬೇಕು ಎಂಬುದು ನಮ್ಮ ತಲೆಯಲ್ಲಿ ಕೂತಿರುವ ಚಿತ್ರ. ಇದು ಬಹಳ ಹಳೆಯದೇನಲ್ಲ. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಕುರಿತ ತನ್ನ ಅಧ್ಯಯನವನ್ನು ಪ್ರಕಟಿಸಿ, ಬಿಯರ್ ಹುಳಿಯುವುದು ಬ್ಯಾಕ್ಟೀರಿಯಾಗಳಿಂದ ಎಂದು ತೋರಿಸಿದ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸೆನ್ ಒಂದೇ ಒಂದು ಯೀಸ್ಟ್ ಕಣದಿಂದ ಶುದ್ಧ ತಳಿಯನ್ನು ಬೆಳೆಸಿದ. ಅಲ್ಲಿಂದ ಮುಂದೆ ಜಗತ್ತಿನ ಬಿಯರ್ ಕಾರ್ಖಾನೆಗಳಿಗೆಲ್ಲ ಶುದ್ಧತೆಯೇ ಧರ್ಮವಾಯಿತು. ಒಂದು ಯೀಸ್ಟ್, ಮುಚ್ಚಿದ ತೊಟ್ಟಿ, ಪ್ರತಿ ಬಾಟಲಿಯಲ್ಲೂ ಅದೇ ರುಚಿ. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ಕರ್ನಾಟಕಕ್ಕೆ ದಕ್ಕಿದ್ದೂ ಆ ಧರ್ಮವೇ. ನಮ್ಮ ಅಜ್ಜಂದಿರ ಕಾಲದಿಂದ ನಾವು ಕುಡಿದದ್ದೆಲ್ಲ ಹ್ಯಾನ್ಸೆನ್ ದಾರಿಯ ಬಿಯರ್. ಹಾಗಾಗಿ ಬಿಯರ್ ಹುಳಿಯಾಗಿದ್ದರೆ ಯಾರೋ ಎಲ್ಲೋ ಎಡವಿದ್ದಾರೆ ಎಂದೇ ಅರ್ಥ ಮಾಡಿಕೊಳ್ಳುತ್ತೇವೆ.

ತಮಾಷೆ ಏನೆಂದರೆ, ಆ ಧರ್ಮಕ್ಕೆ ಮೊದಲ ಅಪವಾದ ಸಿಕ್ಕಿದ್ದೂ ಅದೇ ಕಾರ್ಲ್ಸ್‌ಬರ್ಗ್‌ನಲ್ಲಿ. ಇಂಗ್ಲೆಂಡಿನಲ್ಲಿ ಮರದ ಪೀಪಾಯಿಗಳಲ್ಲಿ ಬಹುಕಾಲ ಇಟ್ಟ ಬಿಯರ್‌ಗಳಿಗೆ ಒಂದು ವಿಶೇಷ ಪರಿಮಳವಿರುತ್ತಿತ್ತು. ಶುದ್ಧ ಯೀಸ್ಟ್ ಹಾಕಿ ಮಾಡಿದರೆ ಆ ಪರಿಮಳ ಬರುತ್ತಿರಲಿಲ್ಲ. ಕಾರಣ ಹುಡುಕಿದವನು ನೀಲ್ಸ್ ಯೆಲ್ಟೆ ಕ್ಲಾಸೆನ್. ಆ ಬಿಯರ್‌ಗಳಲ್ಲಿ ನಿಧಾನಕ್ಕೆ ಕೆಲಸ ಮಾಡುವ ಇನ್ನೊಂದು ಯೀಸ್ಟ್ ಇದೆ ಎಂದು ಪತ್ತೆ ಹಚ್ಚಿ, 1904ರಲ್ಲಿ ಲಂಡನ್‌ನಲ್ಲಿ ಬ್ರೂವರ್‌ಗಳ ಮುಂದೆ ಮಂಡಿಸಿದ. ಬ್ರಿಟಿಷ್ ಬಿಯರ್‌ನಲ್ಲಿ ಸಿಕ್ಕಿದ್ದರಿಂದ ಬ್ರೆಟಾನೊಮೈಸಿಸ್ ಎಂದು ಹೆಸರಿಟ್ಟ. ಬ್ರೂವರ್‌ಗಳ ಬಾಯಲ್ಲಿ ಅದೀಗ ಬರೀ 'ಬ್ರೆಟ್'. ವೈನ್ ಮಾಡುವವರು ಇದರ ಹೆಸರು ಕೇಳಿದರೆ ಬೆಚ್ಚುತ್ತಾರೆ. ಬೆಲ್ಜಿಯಂನ ಕೆಲವು ಹಳೆಯ ಬ್ರೂವರಿಗಳು ಮಾತ್ರ ಇದರ ಹೆಸರು ಗೊತ್ತಾಗುವ ಎಷ್ಟೋ ಮೊದಲಿನಿಂದ ಇದನ್ನು ಮನೆಯಲ್ಲಿಟ್ಟುಕೊಂಡು ಸಾಕಿದ್ದವು.

ಅವುಗಳಲ್ಲಿ ಹೆಸರುವಾಸಿಯಾದದ್ದು ಬ್ರಸೆಲ್ಸ್‌ನ ಆಂಡರ್‌ಲೆಕ್ಟ್‌ನಲ್ಲಿರುವ ಕಾಂಟಿಲಾನ್. ಶುರುವಾದದ್ದು 1900ರಲ್ಲಿ, 1978ರಿಂದ ಅದೊಂದು ಜೀವಂತ ವಸ್ತುಸಂಗ್ರಹಾಲಯವೂ ಹೌದು. ಅಲ್ಲಿ ಮಾಡುವ ಬಿಯರ್‌ನ ಜಾತಿ ಲ್ಯಾಂಬಿಕ್. ಮೂರನೇ ಎರಡು ಪಾಲು ಮೊಳಕೆ ಬಾರ್ಲಿ, ಉಳಿದದ್ದು ಮೊಳಕೆ ಬರಿಸದ ಗೋಧಿ. ಅದನ್ನು ಬೇಯಿಸಿ ಬಸಿದ ಸಿಹಿ ಕಷಾಯಕ್ಕೆ ಎರಡು ಮೂರು ವರ್ಷ ಹಳೆಯದಾದ ಹಾಪ್ಸ್ ಹಾಕಿ ಕುದಿಸುತ್ತಾರೆ. ಹಾಪ್ಸ್‌ನ ಕಹಿ ಅಷ್ಟರಲ್ಲಿ ಬಹುಪಾಲು ಹೋಗಿರುತ್ತದೆ, ಬ್ಯಾಕ್ಟೀರಿಯಾ ತಡೆಯುವ ಗುಣ ಉಳಿದಿರುತ್ತದೆ. ಕುದಿಸಿದ ಕಷಾಯವನ್ನು ಸೂರಿನಡಿಯ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಗೆ ಸುರಿದು, ಕಿಟಕಿ ತೆರೆದಿಟ್ಟು ರಾತ್ರಿಯಿಡೀ ಆರಲು ಬಿಡುತ್ತಾರೆ. ಯೀಸ್ಟ್ ಯಾರೂ ಹಾಕುವುದಿಲ್ಲ. ಗಾಳಿಯಲ್ಲಿ, ಮಾಡಿನ ಮರದಲ್ಲಿ, ಪೀಪಾಯಿಯ ಸಂದಿಯಲ್ಲಿ ಇರುವುದೇ ಹೆಪ್ಪು. ಹೊರಗಿನ ಚಳಿ 8 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು ಎಂಬುದು ಅವರ ಲೆಕ್ಕ. ಆದ್ದರಿಂದ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಈ ಕೆಲಸ. ಆ ಕಟ್ಟಡದಲ್ಲಿ ಜೇಡರ ಬಲೆ ತೆಗೆಯುವುದಿಲ್ಲ. ಹಣ್ಣಿನ ನೊಣಗಳನ್ನು ತಿನ್ನುವವರು ಅಲ್ಲಿ ಜೇಡರೇ. (ನಮ್ಮ ಆಹಾರ ಸುರಕ್ಷತಾ ಅಧಿಕಾರಿಗಳು ಇದನ್ನು ಒಪ್ಪುತ್ತಾರೆಯೇ ಎಂಬುದು ಬೇರೆ ಮಾತು.)

ಮುಂದಿನದು ಕಳ್ಳಿನ ಕತೆಯೇ, ನಿಧಾನಗತಿಯಲ್ಲಿ. ಬೈನೆ ಮರದಿಂದ ಬೆಳಿಗ್ಗೆ ಇಳಿಸಿದ ಕಳ್ಳು ಸಿಹಿ. ಮಡಕೆಯಲ್ಲೇ ಕಾದು ಕೂತಿದ್ದ ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಜತೆಗೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ತರುತ್ತದೆ. ಸಂಜೆಯ ಕಳ್ಳಿಗೆ ಬೇರೆಯದೇ ಖದರು. ಮಾರನೇ ದಿನ ಅಸಿಟಿಕ್ ಬ್ಯಾಕ್ಟೀರಿಯಾ ಗಾಳಿಯ ಸಹಾಯದಿಂದ ಮದ್ಯವನ್ನೇ ವಿನೆಗರ್ ಮಾಡಲು ಹೊರಡುತ್ತದೆ. ಒಂದೆರಡು ದಿನದಲ್ಲಿ ಮುಗಿಯುವ ಈ ಸರದಿ ಲ್ಯಾಂಬಿಕ್‌ನಲ್ಲಿ ಎರಡು ಮೂರು ವರ್ಷ ನಡೆಯುತ್ತದೆ. ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ಇದನ್ನು ಹಂತ ಹಂತವಾಗಿ ಬಿಡಿಸಿಟ್ಟರು. ಮೊದಲ ತಿಂಗಳು ಕರುಳಿನ ಬ್ಯಾಕ್ಟೀರಿಯಾಗಳ ಬಳಗದ ಜೀವಿಗಳು. ಆಗ ಅದರ ವಾಸನೆ ಯಾರಿಗೂ ಬೇಡ. ಆಮೇಲೆ ಕೆಲವು ತಿಂಗಳು ಸ್ಯಾಕರೊಮೈಸಿಸ್, ಅಂದರೆ ನಮಗೆಲ್ಲ ಗೊತ್ತಿರುವ ಬಿಯರ್ ಮತ್ತು ಬ್ರೆಡ್ಡಿನ ಯೀಸ್ಟ್. ಬೇಸಿಗೆ ಬಂದಾಗ ಪೀಡಿಯೊಕಾಕಸ್ ಎಂಬ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎದ್ದು ಹುಳಿ ಏರಿಸುತ್ತದೆ. ಆ ಹಂತದಲ್ಲಿ ಬಿಯರ್ ಕೆಲವೊಮ್ಮೆ ಲೋಳೆಯಾಗಿ ನೂಲು ನೂಲಾಗಿ ಇಳಿಯುವುದುಂಟು. ಅನುಭವವಿಲ್ಲದವನು ನೋಡಿದರೆ ಚರಂಡಿಗೆ ಸುರಿದಾನು. ಅನುಭವಸ್ಥ ಸುಮ್ಮನಿರುತ್ತಾನೆ. ಎಂಟನೇ ತಿಂಗಳ ಸುಮಾರಿಗೆ ಬ್ರೆಟ್ ಕೆಲಸಕ್ಕೆ ಇಳಿದು, ಉಳಿದ ಯೀಸ್ಟ್‌ಗಳು ತಿನ್ನಲಾಗದೆ ಬಿಟ್ಟ ಸಕ್ಕರೆಯನ್ನೆಲ್ಲ ನಿಧಾನವಾಗಿ ಮುಗಿಸಿ, ಲೋಳೆಯನ್ನೂ ತಿಳಿಗೊಳಿಸುತ್ತದೆ.

ಇಲ್ಲಿ ಪೀಪಾಯಿಯ ಪಾತ್ರವೇನು? ನಮ್ಮಲ್ಲಿ ಹುದುಗು ಎಂದರೆ ಮಡಕೆ ಅಥವಾ ಭರಣಿ. ಮೆರುಗು ಕೊಟ್ಟ ಭರಣಿ ಏನನ್ನೂ ಹೀರುವುದಿಲ್ಲ, ಏನನ್ನೂ ಕೊಡುವುದಿಲ್ಲ. ಓಕ್ ಮರ ಎರಡನ್ನೂ ಮಾಡುತ್ತದೆ. ವೆನಿಲಾದ ಛಾಯೆ, ಚಹಾದ ಒಗರಿನಂಥ ಟ್ಯಾನಿನ್ ಕೊಡುತ್ತದೆ. ಹಲಗೆಯ ಮೂಲಕ, ಸಂದಿಗಳ ಮೂಲಕ ತೀರಾ ಸ್ವಲ್ಪ ಗಾಳಿಯನ್ನು ಒಳಗೆ ಬಿಡುತ್ತದೆ. ಬ್ರೆಟ್‌ಗೆ ಆ ಅಷ್ಟು ಗಾಳಿ ಬೇಕು. ಜಾಸ್ತಿಯಾದರೆ ಅಸಿಟಿಕ್ ಬ್ಯಾಕ್ಟೀರಿಯಾ ಯಜಮಾನಿಕೆ ವಹಿಸಿಕೊಂಡು ಇಡೀ ಪೀಪಾಯಿಯನ್ನು ವಿನೆಗರ್ ಮಾಡುತ್ತದೆ. ಇನ್ನೂ ಒಂದು ವಿಷಯವಿದೆ. ಬ್ರೆಟ್ ಮರದ ಒಳಗೇ ಮನೆ ಮಾಡುತ್ತದೆ, ಓಕ್‌ನಲ್ಲಿರುವ ಕೆಲವು ಸಕ್ಕರೆಗಳನ್ನೂ ತಿನ್ನಬಲ್ಲದು. ಹಾಗಾಗಿ ಒಳ್ಳೆಯ ಪೀಪಾಯಿ ಎಂದರೆ ಪಾತ್ರೆಯೂ ಹೌದು, ಹೆಪ್ಪೂ ಹೌದು. ಪಶ್ಚಿಮ ಫ್ಲ್ಯಾಂಡರ್ಸ್‌ನ ರೂಸೆಲಾರ ಪಟ್ಟಣದಲ್ಲಿ 1821ರಲ್ಲಿ ಶುರುವಾದ ರೋಡನ್‌ಬಾಕ್ ಬ್ರೂವರಿಯಲ್ಲಿ ಮನೆಯೆತ್ತರದ 294 ಓಕ್ ಪೀಪಾಯಿಗಳಿವೆ. ಅವರ 'ಗ್ರಾಂ ಕ್ರೂ' ಬಿಯರ್‌ನಲ್ಲಿ ಎರಡು ವರ್ಷ ಹಳೆಯದು ಮೂರನೇ ಎರಡು ಪಾಲು, ಎಳೆಯದು ಒಂದು ಪಾಲು. ಯಾವ ಪೀಪಾಯಿಯದನ್ನು ಯಾವುದಕ್ಕೆ ಬೆರೆಸಬೇಕು ಎಂದು ಮೂಸಿ, ಸವಿದು ನಿರ್ಧರಿಸುವವನೇ ಅಲ್ಲಿ ನಿಜವಾದ ಬಾಣಸಿಗ.

ಓಕ್ ಪೀಪಾಯಿ ಕರ್ನಾಟಕಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದು ಇಂಥ ಪೀಪಾಯಿಗಳ ಬಲದಿಂದಲೇ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ವಿಸ್ಕಿ ಪೀಪಾಯಿಯಿಂದ ಆವಿಯಾದರೆ ಬೆಂಗಳೂರಿನಲ್ಲಿ ಅದು ಶೇ 10ರಿಂದ 12. ವಿಸ್ಕಿಗೆ ಇದು ಬೇಗ ಹಣ್ಣಾಗುವ ಅನುಕೂಲ. ಬಿಯರ್‌ಗೆ ಹೀಗಲ್ಲ. ಆವಿಯಾದಷ್ಟೂ ಒಳಗೆ ಜಾಗ, ಜಾಗವಿದ್ದಷ್ಟೂ ಗಾಳಿ, ಗಾಳಿಯಿದ್ದಷ್ಟೂ ವಿನೆಗರ್. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯ ತಂಪು, ಮಳೆಗಾಲದ ತೇವ ಈ ಲೆಕ್ಕದಲ್ಲಿ ಬಯಲುಸೀಮೆಗಿಂತ ವಾಸಿ. ಆದರೆ ಬ್ರಸೆಲ್ಸ್‌ನ ಚಳಿಗಾಲದ ರಾತ್ರಿ ಇಲ್ಲಿ ಸಿಗುವುದಿಲ್ಲ, ಕಿಟಕಿ ತೆರೆದಿಟ್ಟು ಬಿಯರ್ ಮಾಡುವ ಕನಸು ಇಲ್ಲಿ ಬೇಡ.

ಈಗ ಹಣ್ಣು. ಕಾಂಟಿಲಾನ್‌ನಲ್ಲಿ ಒಂದು ಲೀಟರ್ ಲ್ಯಾಂಬಿಕ್‌ಗೆ ಸುಮಾರು 200 ಗ್ರಾಂ ಹಣ್ಣು ಬೀಳುತ್ತದೆ. ಕ್ರೀಕ್‌ಗಾದರೆ ಹುಳಿ ಚೆರ್ರಿಯನ್ನು ಬೀಜದ ಸಮೇತ ಹಾಕುತ್ತಾರೆ. ತಿಂಗಳುಗಳಲ್ಲಿ ಬೀಜದಿಂದ ಬಾದಾಮಿಯ ಪರಿಮಳ ಇಳಿಯುತ್ತದೆ. ಹಣ್ಣಿನ ಸಕ್ಕರೆಯನ್ನು ಬ್ರೆಟ್ ಮತ್ತು ಅದರ ಬಳಗ ಪೂರ್ತಿ ತಿಂದುಬಿಡುತ್ತದೆ. ಉಳಿಯುವುದು ಬಣ್ಣ, ಪರಿಮಳ, ಹಣ್ಣಿನದೇ ಹುಳಿ, ಸಿಪ್ಪೆಯ ಒಗರು. ನಮ್ಮ ನಾಲಗೆ ಮೋಸ ಹೋಗುವುದು ಇಲ್ಲೇ. ಲೋಟದಲ್ಲಿ ಮಾಣಿಕ್ಯದ ಬಣ್ಣ, ಮೂಗಿಗೆ ಮಾಗಿದ ಹಣ್ಣು, ಆದ್ದರಿಂದ ಬಾಯಿ ಸಿಹಿಗೆ ಸಿದ್ಧವಾಗಿರುತ್ತದೆ. ಬರುವುದು ಮರಳುಗಾಡಿನಷ್ಟು ಒಣ ಹುಳಿ. ಮಾವನ ಮುಖ ಕಿವುಚಿದ್ದು ಹುಳಿಗಿಂತ ಹೆಚ್ಚಾಗಿ ಈ ನಿರೀಕ್ಷೆಭಂಗಕ್ಕೆ ಎಂದು ನನ್ನ ಗುಮಾನಿ.

ಏಕೆಂದರೆ ಕೊಡಗಿನಲ್ಲಿ ಹಣ್ಣಿನ ಮದ್ಯ ಎಂದರೆ ಸಿಹಿ. ಮಡಿಕೇರಿ, ಕುಶಾಲನಗರದ ದಾರಿಬದಿಯ ಅಂಗಡಿಗಳಲ್ಲಿ 'ಹೋಮ್‌ಮೇಡ್ ವೈನ್' ಬೋರ್ಡು ಕಂಡವರಿಗೆ ಇದು ಗೊತ್ತು. ದ್ರಾಕ್ಷಿ, ನೆಲ್ಲಿ, ನೇರಳೆ, ಪ್ಯಾಶನ್ ಫ್ರೂಟ್, ಶುಂಠಿ, ವೀಳ್ಯದೆಲೆ, ಕೊನೆಗೆ ಪರಂಗಿ ಮೆಣಸು ಕೂಡ. ಮನೆಯ ವಿಧಾನ ಸರಳ. ಭರಣಿಗೆ ಹಣ್ಣು, ಧಾರಾಳವಾಗಿ ಸಕ್ಕರೆ, ನೀರು, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್. ಬಟ್ಟೆ ಕಟ್ಟಿ ವಾರಗಟ್ಟಲೆ ಇಟ್ಟು, ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಿ, ಸೋಸಿ, ಬಣ್ಣಕ್ಕೆ ಸುಟ್ಟ ಸಕ್ಕರೆ. ಹಾಕಿದ ಸಕ್ಕರೆಯನ್ನೆಲ್ಲ ತಿನ್ನುವ ಮೊದಲೇ ಯೀಸ್ಟ್ ಸುಸ್ತಾಗುತ್ತದೆ, ಮಿಕ್ಕ ಸಕ್ಕರೆ ಹಾಗೇ ಉಳಿಯುತ್ತದೆ. ಹುಳಿಯೇನಾದರೂ ಇದ್ದರೆ ಅದು ಸಿಹಿಯ ಕೆಳಗೆ ಮುಚ್ಚಿಹೋಗುತ್ತದೆ. ಕ್ರಿಸ್‌ಮಸ್‌ಗೋ ಪುತ್ತರಿಗೋ ಬಂದ ನಂಟರಿಗೆ ಒಂದು ಸಣ್ಣ ಗ್ಲಾಸಿನಲ್ಲಿ ಕೊಡಲು ಅದು ಚಂದವೇ. ಅಂಗಡಿಯಲ್ಲಿಟ್ಟು ಮಾರುವ ಮಾತು ಬಂದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಅಡ್ಡ ಬರುತ್ತದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಕೆ ಅದರಲ್ಲಿ ಅಪರಾಧ. ಅದೇನೇ ಇರಲಿ, ಆ ಸಿಹಿ ವೈನಿಗೆ ಒಗ್ಗಿದ ಬಾಯಿಗೆ ಕ್ರೀಕ್ ಅರ್ಥವಾಗಬೇಕಾದರೆ ವೈನಿನ ನೆನಪನ್ನು ಬದಿಗಿಟ್ಟು ಅಡುಗೆಮನೆಯ ನೆನಪನ್ನು ಮುಂದಕ್ಕೆ ತರಬೇಕು.

ಅಂದರೆ ಹೇಗೆ? ಮೊದಲು ಮೂಗು. ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. 10ರಿಂದ 13 ಡಿಗ್ರಿ ಸಾಕು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಅಲುಗಾಡಿಸದೆ ನಿಧಾನಕ್ಕೆ ಬಗ್ಗಿಸಿ ತಳದ ಗಸಿಯನ್ನು ಬಾಟಲಿಯಲ್ಲೇ ಬಿಡಿ. ಬಾಯಿ ಕಿರಿದಾದ ಲೋಟದ ಅರ್ಧದಷ್ಟು ಮಾತ್ರ ತುಂಬಿ, ಮೂಸಿ. ಹುಳಿಯನ್ನು ಮೂಸಿ ತಿಳಿಯಬಹುದೇ ಎಂದರೆ, ಒಂದು ಬಗೆಯ ಹುಳಿಯನ್ನು ಮಾತ್ರ ಖಂಡಿತ ತಿಳಿಯಬಹುದು. ವಿನೆಗರ್‌ನ ಅಸಿಟಿಕ್ ಆಮ್ಲ ಆವಿಯಾಗುತ್ತದೆ, ಮೂಗಿಗೆ ಚುಚ್ಚುತ್ತದೆ. ಮೊಸರಿನ ಲ್ಯಾಕ್ಟಿಕ್ ಆಮ್ಲ, ಕಿತ್ತಳೆಯ ಸಿಟ್ರಿಕ್ ಆಮ್ಲ, ಚೆರ್ರಿ ಹಣ್ಣಿನ ಮ್ಯಾಲಿಕ್ ಆಮ್ಲ ಇವುಗಳಿಗೆ ಮೂಗಿಗೆ ಸಿಗುವ ವಾಸನೆ ಇಲ್ಲ. ಹಾಗಾಗಿ ಮೂಸಿದಾಗ ಏನೂ ಚುಚ್ಚದೆ, ಕುಡಿದಾಗ ಬಾಯಿ ನೀರೂರಿದರೆ ಆ ಬಿಯರ್‌ನ ಹುಳಿ ಲ್ಯಾಕ್ಟಿಕ್ ಅಥವಾ ಹಣ್ಣಿನದು. ಮೂಸುವಾಗಲೇ ಚುರುಕ್ಕೆಂದರೆ ಅಸಿಟಿಕ್. ರೋಡನ್‌ಬಾಕ್ ತರದ ಕೆಂಪು ಬಿಯರ್‌ನಲ್ಲಿ ಸ್ವಲ್ಪ ಅಸಿಟಿಕ್ ಬೇಕೇ ಬೇಕು. ಲ್ಯಾಂಬಿಕ್‌ನಲ್ಲಿ ಅದು ಕಂಡೂ ಕಾಣದಂತಿರಬೇಕು.

ಈ ಭೇದವನ್ನು ಕಲಿಸಲು ಕೊಡಗಿನ ಅಡುಗೆಮನೆಗಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಕಾಚಂಪುಳಿಯನ್ನೇ ತೆಗೆದುಕೊಳ್ಳಿ. ಕೊಡಗಿನ ಪಣಂಪುಳಿ, ಉತ್ತರ ಕನ್ನಡದ ಉಪ್ಪಾಗೆ, ಮಲಯಾಳಿಗಳ ಕುಡಂಪುಳಿ ಎಲ್ಲ ಒಂದೇ ಮರ. ಮಳೆಗಾಲದಲ್ಲಿ ಉದುರುವ, ಪುಟ್ಟ ಕುಂಬಳದಂತೆ ಗೀರು ಗೀರಾದ ಹಳದಿ ಹಣ್ಣುಗಳನ್ನು ಬುಟ್ಟಿಯಲ್ಲಿ ಪೇರಿಸಿ, ಕೆಳಗೆ ಪಾತ್ರೆ ಇಟ್ಟರೆ ಹಣ್ಣು ಕೊಳೆತು, ಹುದುಗಿ, ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಾಗಿ ಗಟ್ಟಿಯಾಗುವ ತನಕ ಕುದಿಸಿದರೆ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಪೇಟೆಯ ಲೇಬಲ್ಲುಗಳು ಅದನ್ನು 'ಕೂರ್ಗ್ ವಿನೆಗರ್' ಎನ್ನುತ್ತವೆ, ಆದರೆ ಮೂಸಿ ನೋಡಿ, ವಿನೆಗರ್‌ನ ಚುಚ್ಚು ಅಷ್ಟಿಲ್ಲ. ಕಾರಣ ಮೈಸೂರಿನಲ್ಲೇ ಸಿಕ್ಕಿತು. ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಪ್ರಕಟಿಸಿದರು. ಅದು ಆವಿಯಾಗಿ ಹಾರಿಹೋಗುವ ಆಮ್ಲವಲ್ಲ. ಎಷ್ಟು ಕುದಿಸಿದರೂ ನೀರು ಹೋಗಿ ಹುಳಿ ಉಳಿಯುತ್ತದೆ. ಇದೇ ಹೈಡ್ರಾಕ್ಸಿಸಿಟ್ರಿಕ್ ಮುಂದೆ ತೂಕ ಇಳಿಸುವ ಮಾತ್ರೆಗಳ ಮೂಲಕ ಜಗತ್ತೆಲ್ಲ ಸುತ್ತಾಡಿತು. ಹಂದಿಯ ಕೊಬ್ಬಿನ ಜತೆ ಅದನ್ನು ತಿನ್ನುವ ನಮಗೆ ಆ ಚಿಂತೆಯಿಲ್ಲ.

ಈಗ ಮೂರು ಬಟ್ಟಲು ಇಟ್ಟುಕೊಳ್ಳಿ. ಒಂದರಲ್ಲಿ ಎರಡು ದಿನದ ಮಜ್ಜಿಗೆ, ಇನ್ನೊಂದರಲ್ಲಿ ಕೊಡಗಿನ ಕಿತ್ತಳೆಯ ರಸ, ಮತ್ತೊಂದರಲ್ಲಿ ನೀರು ಬೆರೆಸಿದ ವಿನೆಗರ್. ಮಜ್ಜಿಗೆಯ ಹುಳಿ ದುಂಡಗೆ ಬಾಯಿ ತುಂಬ ಹರಡುತ್ತದೆ. ಕಿತ್ತಳೆಯದು ತಟ್ಟನೆ ಹೊಳೆದು ಬೇಗ ಮಾಯವಾಗುತ್ತದೆ. ವಿನೆಗರ್‌ನದು ಮೂಗಿಗೂ ಗಂಟಲಿಗೂ ಏಕಕಾಲಕ್ಕೆ ಹೋಗುತ್ತದೆ. ಹಣ್ಣಿನ ಹುಳಿ ಬಿಯರ್‌ನ ಒಂದು ಗುಟುಕಿನಲ್ಲಿ ಈ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಇರುತ್ತವೆ. ಮೊದಲ ಗುಟುಕಿನಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಅದು ನಾಲಗೆಗೆ ಬರೀ ಎಚ್ಚರಿಕೆ. ಸಾಮಾನ್ಯ ಲಾಗರ್‌ನ ಪಿಎಚ್ 4.2ರಿಂದ 4.5 ಇದ್ದರೆ ಇಂಥ ಬಿಯರ್‌ನದು 3.3ರ ಆಸುಪಾಸು. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು. ಅಂಥ ಜಿಗಿತಕ್ಕೆ ಬಾಯಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಎರಡನೇ ಗುಟುಕಿನಲ್ಲಿ ಜೊಲ್ಲು ಸುರಿದು ಹುಳಿ ತಗ್ಗುತ್ತದೆ, ಹಣ್ಣು ಎದುರು ಬರುತ್ತದೆ. ಮೂರನೆಯದರಲ್ಲಿ ಮರದ ಒಗರು ಒಸಡಿನ ಮೇಲೆ ಸಿಗುತ್ತದೆ.

ಆಮೇಲೆ ಬ್ರೆಟ್‌ನ ವಾಸನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಕುದುರೆ ಲಾಯ, ಒದ್ದೆ ಜೀನು ಎಂದೆಲ್ಲ ಬರೆದಿರುತ್ತದೆ. ಕುದುರೆಯ ಒಡನಾಟವಿಲ್ಲದ ನಮಗೆ ಅದು ಕೈಗೆ ಸಿಗುವುದಿಲ್ಲ. ಕೊಟ್ಟಿಗೆಯ ಒಣಹುಲ್ಲು, ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಚರ್ಮದ ಚೀಲ, ತುಸು ಲವಂಗ, ಜತೆಗೆ ಎಲ್ಲಿಂದಲೋ ಅನಾನಸ್ ಎಂದರೆ ಹತ್ತಿರ ಬಂದೀತು. ಇದನ್ನು ಮೆಚ್ಚಲೇಬೇಕೆಂಬ ಒತ್ತಾಯವಿಲ್ಲ. ಆದರೆ ಕಾಫಿ ಪಲ್ಪಿಂಗ್ ನಡೆಯುವ ಕಾಲದಲ್ಲಿ ತೋಟದ ಮನೆಯಲ್ಲಿ ಮಲಗಿದವರಿಗೆ ಹುದುಗಿನ ವಾಸನೆಗಳ ಬಗ್ಗೆ ಪಾಠ ಬೇಕಾಗಿಲ್ಲ. ಸಿಪ್ಪೆ ಸುಲಿದ ಅರೇಬಿಕಾ ಬೀಜವನ್ನು ತೊಟ್ಟಿಯಲ್ಲಿ 24ರಿಂದ 36 ಗಂಟೆ ಹುದುಗಿಸಿ ಲೋಳೆ ಬಿಡಿಸುತ್ತಾರೆ. ಸರಿಯಾದ ಹೊತ್ತಿಗೆ ತೊಳೆದರೆ ಚೊಕ್ಕ ಕಾಫಿ, ಹೊತ್ತು ಮೀರಿದರೆ ಕೊಳೆತ ವಾಸನೆಯ ಬೀಜ. ಅಂಥ ಒಂದು ಹಿಡಿ ಸೇರಿದರೂ ಮೂಟೆ ಕೆಟ್ಟಂತೆ. ಬೀಜವನ್ನು ಅಂಗೈಯಲ್ಲಿ ಉಜ್ಜಿ, ಗರಗರ ಸದ್ದು ಬಂತೆಂದರೆ ನೀರು ಬಿಡಿ ಎನ್ನುವ ಮೇಸ್ತ್ರಿಯ ಕೆಲಸವೂ ಪೀಪಾಯಿಗೆ ಕಿವಿಗೊಟ್ಟು ಕೂತ ಬೆಲ್ಜಿಯಂ ಬ್ರೂವರನ ಕೆಲಸವೂ ಒಂದೇ ಕುಲದ್ದು. ಹುದುಗು ತನ್ನಷ್ಟಕ್ಕೆ ನಿಲ್ಲುವುದಿಲ್ಲ, ಯಾವಾಗ ನಿಲ್ಲಿಸಬೇಕೆಂದು ಮನುಷ್ಯನೇ ಹೇಳಬೇಕು.

ಹಾಗಾದರೆ ಕೆಟ್ಟ ಹುಳಿ ಬಿಯರ್ ಎಂಬುದು ಇಲ್ಲವೇ? ಧಾರಾಳವಾಗಿ ಇದೆ. ಎಲ್ಲ ಹುಳಿಯೂ ಕಲೆ ಎಂದು ನಂಬಿಸುವವರಿಂದ ದೂರವಿರಿ. ಉಗುರು ಬಣ್ಣ ತೆಗೆಯುವ ದ್ರಾವಣದ ವಾಸನೆ ಬಂದರೆ ಅದು ಈಥೈಲ್ ಅಸಿಟೇಟ್. ಪೀಪಾಯಿಗೆ ಗಾಳಿ ಜಾಸ್ತಿ ಹೋಗಿದೆ. ಗಂಟಲು ಸುಟ್ಟಂತಾದರೆ ಬಿಯರ್ ವಿನೆಗರ್ ಆಗಿದೆ. ಹಳೆಯ ಬೆಣ್ಣೆಯ ವಾಸನೆ, ಲೋಳೆ ಇದ್ದರೆ ಬ್ರೆಟ್ ಕೆಲಸ ಮುಗಿಸುವ ಮೊದಲೇ ಬಾಟಲಿಗೆ ತುಂಬಿದ್ದಾರೆ. ಬರೀ ಹುಳಿ ಇದ್ದು ಬೇರೇನೂ ಇಲ್ಲದಿದ್ದರೆ? ಅದನ್ನು ದೋಷ ಎನ್ನಲಾಗದು, ಬೇಸರ ಎನ್ನಬಹುದು.

ಆ ಬೇಸರ ನನಗೆ ಬೆಂಗಳೂರಿನಲ್ಲಿ ಹಲವು ಸಲ ಆಗಿದೆ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ತೆರೆದ ಮೇಲೆ ನಗರದಲ್ಲಿ ಮೈಕ್ರೋಬ್ರೂವರಿಗಳ ಸಾಲೇ ಎದ್ದಿತು. ಬಾಸ್ಮತಿ ಅಕ್ಕಿ ಹಾಕಿದ ಬಿಯರ್‌ನಿಂದ ಹಿಡಿದು ಮಾವಿನ ಹಣ್ಣಿನದರವರೆಗೆ ಜನ ಎಲ್ಲವನ್ನೂ ಕುಡಿದು ನೋಡಿದ್ದಾರೆ. ಹುಳಿ ಬಿಯರ್‌ಗಳೂ ಆಗಾಗ ಬರುತ್ತವೆ, ಆದರೆ ಹೆಚ್ಚಿನವು ಕೆಟಲ್ ಸೋರ್. ಕಷಾಯಕ್ಕೆ ಲ್ಯಾಕ್ಟೊಬ್ಯಾಸಿಲಸ್ ಹಾಕಿ 40 ಡಿಗ್ರಿಯ ಹತ್ತಿರ ಒಂದೆರಡು ದಿನ ಇಟ್ಟು, ಬೇಕಾದಷ್ಟು ಹುಳಿ ಬಂದಮೇಲೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಂದು, ಮಾಮೂಲಿ ಯೀಸ್ಟ್‌ನಿಂದ ಹುದುಗಿಸುವ ವಿಧಾನ ಅದು. ಬೇರೆ ಬಿಯರ್‌ಗಳಿಗೆ ಸೋಂಕು ತಗಲುವ ಭಯವಿಲ್ಲ, ಮೂರು ನಾಲ್ಕು ವಾರದಲ್ಲಿ ನಲ್ಲಿಗೆ ಬರುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೆ ಹಿತವೂ ಹೌದು. ಆದರೆ ಅದರಲ್ಲಿರುವುದು ಲ್ಯಾಕ್ಟಿಕ್ ಎಂಬ ಒಂದೇ ಸ್ವರ. ಮೇಲೆ ಸುರಿದ ಹಣ್ಣಿನ ತಿರುಳು ಅದನ್ನು ಷರಬತ್ತು ಮಾಡುತ್ತದೆ. ಪಬ್‌ನವರನ್ನು ದೂರಿ ಪ್ರಯೋಜನವಿಲ್ಲ. ಇಂದಿರಾನಗರದ ಬಾಡಿಗೆಯ ಜಾಗದಲ್ಲಿ ಎರಡು ವರ್ಷ ಅಲುಗಾಡದೆ ಕೂರುವ ಪೀಪಾಯಿಗೆ ಯಾರು ಮನೆ ಕೊಡುತ್ತಾರೆ?

ಕೊಡಗಿನಲ್ಲಿ ಜಾಗ ಇದೆ, ಗೋದಾಮು ಇದೆ, ಕಾಯುವ ಅಭ್ಯಾಸವೂ ಇದೆ. ಕಾಳುಮೆಣಸಿನ ಬಳ್ಳಿ ನೆಟ್ಟವರು ಕಾಯದೆ ಏನು ಮಾಡಿಯಾರು. ಪರವಾನಗಿ ಪಡೆದು ಯಾರಾದರೂ ಮುಂದೆ ಬಂದರೆ ಯಾವ ಹಣ್ಣು ಹಾಕಬೇಕು ಎಂಬ ಚರ್ಚೆಗೆ ನಾನಂತೂ ಸಿದ್ಧ. ಎಲ್ಲರ ಬಾಯಲ್ಲಿ ಮೊದಲು ಬರುವುದು ಕೊಡಗಿನ ಕಿತ್ತಳೆ. ಅದರ ಮೇಲೆ ಅಭಿಮಾನ ನನಗೂ ಇದೆ, ಆದರೆ ಬೀಜ ಮತ್ತು ಬಿಳಿ ನಾರಿನಲ್ಲಿರುವ ಪದಾರ್ಥವೊಂದು ಹುಳಿಯ ಸಂಗದಲ್ಲಿ ನಿಧಾನವಾಗಿ ಲಿಮೋನಿನ್ ಎಂಬ ಕಹಿಯಾಗಿ ಮಾರ್ಪಡುತ್ತದೆ. ಹಿಂಡಿದಾಗ ಸಿಹಿಯಿದ್ದ ರಸ ಸಂಜೆಗೆ ಕಹಿಯಾಗುವುದು ಇದರಿಂದಲೇ. ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುವ ಮಾತಾದರೆ ಮೇಲಿನ ತೆಳು ಸಿಪ್ಪೆ ಮಾತ್ರ ಹೆರೆದು ಹಾಕಬೇಕು. ಪ್ಯಾಶನ್ ಫ್ರೂಟ್‌ಗೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೇ 'ಕಾವೇರಿ' ಎಂಬ ಸಂಕರ ತಳಿ ಕೊಟ್ಟಿದೆ. ಪರಿಮಳ ಅದ್ಭುತ, ಆದರೆ ಅದು ಇದ್ದಲ್ಲಿ ಇನ್ಯಾರಿಗೂ ಮಾತಾಡಲು ಅವಕಾಶವಿಲ್ಲ. ಬಿಯರ್, ಮರ, ಬ್ರೆಟ್ ಎಲ್ಲವೂ ಸುಮ್ಮನಾಗುತ್ತವೆ. ಕಾಚಂಪುಳಿ ಹಾಕುವ ಉಮೇದು ಯಾರಿಗಾದರೂ ಬಂದೇ ಬರುತ್ತದೆ, ಜಾಹೀರಾತಿಗೂ ಚೆನ್ನ. ನನಗೆ ಅದು ಗಿಮಿಕ್ಕು ಅನ್ನಿಸುತ್ತದೆ. ಮೊದಲೇ ಹುಳಿಯಾದ ಬಿಯರ್‌ಗೆ ಕುದಿಸಿ ಕಪ್ಪಾದ ಇನ್ನೊಂದು ಹುಳಿ ಏಕೆ? ನನ್ನ ಮತ ನೇರಳೆಗೆ. ಬಣ್ಣ ಇದೆ, ಓಕ್‌ನ ಪಕ್ಕದಲ್ಲಿ ನಿಲ್ಲಬಲ್ಲ ಒಗರು ಇದೆ, ಪರಿಮಳ ಮಿತವಾಗಿದೆ, ಬೀಜದ ಸಮೇತ ಹಾಕಬಹುದು. ಮುಂಗಾರಿನ ಹೊಸ್ತಿಲಲ್ಲಿ ಉದುರುವ ಹಣ್ಣಾದ್ದರಿಂದ ಅದನ್ನು ಹೊತ್ತ ಪೀಪಾಯಿ ಮುಂದಿನ ನಾಲ್ಕು ತಿಂಗಳು ಮಳೆಯ ತಂಪಿನಲ್ಲೇ ಇರುತ್ತದೆ.

ಊಟದ ಜತೆ ಕುಡಿಯುವುದಾದರೆ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಲ್ಜಿಯಂನವರು ದನದ ಮಾಂಸವನ್ನು ಹುಳಿ ಕಂದು ಬಿಯರ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿ ಗಟ್ಟಿ ಸಾರು ಮಾಡುತ್ತಾರೆ. ಕೊಬ್ಬಿಗೆ ಹುಳಿ ಎದುರಾಗಬೇಕು ಎಂಬ ತರ್ಕವನ್ನು ಕೊಡವರ ಒಲೆ ಬೇರೆ ದಾರಿಯಿಂದ ಕಂಡುಕೊಂಡಿದೆ. ಹಾಗೆಂದು ಕಾಚಂಪುಳಿ ಬಿದ್ದ ಪಂದಿ ಕರಿಗೆ ಕ್ರೀಕ್ ಒಳ್ಳೆಯ ಜತೆಯೇನಲ್ಲ. ಎರಡು ಹುಳಿ ಜಗಳಕ್ಕೆ ಬೀಳುತ್ತವೆ, ಗೆಲ್ಲುವುದು ಕಾಚಂಪುಳಿ. ಹುಳಿ ಹಾಕದ, ಕಾಳುಮೆಣಸು ಹಾಕಿ ಹುರಿದ ಒಣ ಹಂದಿಗೆ, ಹೊಗೆ ಹಿಡಿಸಿದ ಮಾಂಸಕ್ಕೆ, ತೆಂಗಿನೆಣ್ಣೆಯಲ್ಲಿ ಕರಿದ ಹೊಳೆ ಮೀನಿಗೆ ಚೆನ್ನಾಗಿ ಹೊಂದುತ್ತದೆ. ಬಿದಿರ ಕಳಲೆಯ ಪಲ್ಯದ ಜತೆಗೂ ಆದೀತು, ಅದೂ ಹುದುಗಿನ ವಾಸನೆ ಬಲ್ಲದ್ದೇ. ಪಂದಿ ಕರಿ, ಕಡಂಬುಟ್ಟು ಬಡಿಸಿದ ದಿನ ಮಾತ್ರ ಕ್ರೀಕ್ ಬಾಟಲಿಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ತೆರೆದು ಮುಗಿಸುವುದು ಲೇಸು. ನಮ್ಮ ಮನೆಯಲ್ಲಿ ಹಾಗೆ ಮಾಡಲಿಲ್ಲ. ಮಾವ ಎರಡೂ ಕೈಯಲ್ಲಿ ಹಿಡಿದು, ಕರಿಯದ್ದೇ ವಾಸಿ ಎಂದು ತೀರ್ಪು ಕೊಟ್ಟು, ಬಾಟಲಿಯಲ್ಲಿ ಉಳಿದದ್ದು ಎಷ್ಟೆಂದು ಕೇಳಿದರು.